ಪ್ಯಾಕೇಜ್ ಇಲ್ಲದೆ ಅಪ್ಪ-ಅಮ್ಮನಿಗೆ ದುಬೈ ತೋರಿಸಿದೆ

"ಎಪ್ಪತ್ತು ದಾಟಿದವರನ್ನು ಮೆಟ್ರೋದಲ್ಲಿ ತಿರುಗಿಸ್ತೀಯಾ? ಆಗುವ ಕೆಲಸ ಅಲ್ಲ ಮಾರಾಯ" ಎಂದಿದ್ದರು ಕದ್ರಿಯ ಚಿಕ್ಕಪ್ಪ. ಮಂಗಳೂರಿನ ಪ್ಯಾಕೇಜ್‌ನವರು ತಲೆಗೆ 75 ಸಾವಿರ ಹೇಳಿದ್ದರು. ಮೂರು ಜನಕ್ಕೆ ಎರಡೂಕಾಲು ಲಕ್ಷ. ನನಗೆ ಟಿಕೆಟ್, ವೀಸಾ, ರೂಮು, ಊಟ ಎಲ್ಲ ಸೇರಿ ಹೆಚ್ಚುಕಡಿಮೆ 1.45 ಲಕ್ಷದಲ್ಲಿ ಮುಗಿಯಿತು. ಐದು ರಾತ್ರಿ. ಮಂಡಿ ನೋವೆಂದು ಅಪ್ಪ ಒಂದು ದಿನವೂ ರೂಮಿನಲ್ಲಿ ಉಳಿಯಲಿಲ್ಲ.

2019ರ ಜೂನ್‌ನಲ್ಲಿ ನಾನೂ ಹೆಂಡತಿಯೂ ಹೋದಾಗ ಸರಿಯಾಗಿ ಕೈ ಸುಟ್ಟುಕೊಂಡಿದ್ದೆವು. ರೂಮು ಅಗ್ಗ ಅಂತ ಮೆಟ್ರೋ ಇಲ್ಲದ ಕಡೆ ಹಿಡಿದೆ. ಬಿಸಿಲಿಗೆ ಹತ್ತು ನಿಮಿಷ ನಡೆಯಲು ಆಗುತ್ತಿರಲಿಲ್ಲ, ಟ್ಯಾಕ್ಸಿಗೇ 18 ಸಾವಿರದ ಹತ್ತಿರ ಹೋಯಿತು. ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗ ಮೆಷಿನ್ "ರೂಪಾಯಿಯಾ, ದಿರ್ಹಮಾ?" ಎಂದು ಕೇಳುತ್ತದೆ (ದಿರ್ಹಮ್ ಅಂದರೆ ಅಲ್ಲಿನ ದುಡ್ಡು). ನಾನು ಪ್ರತಿ ಸಲ ರೂಪಾಯಿ ಒತ್ತಿದೆ. ಆ ರೇಟಿನಲ್ಲಿ ನೂರಕ್ಕೆ ನಾಲ್ಕೈದು ರೂಪಾಯಿ ಸುಮ್ನೆ ಹೋಯಿತು. ಈಗ ಕಣ್ಣು ಮುಚ್ಚಿ ದಿರ್ಹಮ್ ಒತ್ತುತ್ತೇನೆ.

ಈ ಸಲ ಜನವರಿ ಆರಿಸಿದೆ. ರೂಮು ಬುರ್‌ಜುಮಾನ್ ಮೆಟ್ರೋ ಸ್ಟೇಷನ್‌ನಿಂದ ಆರು ನಿಮಿಷದ ನಡಿಗೆ. ರೆಡ್ ಲೈನ್, ಗ್ರೀನ್ ಲೈನ್ ಎರಡೂ ಅಲ್ಲಿ ಸೇರುತ್ತವೆ. ಕರಾಮದ ಸಸ್ಯಾಹಾರಿ ಹೋಟೆಲುಗಳು ಹತ್ತಿರ, ಅಮ್ಮನಿಗೆ ಅದೇ ದೊಡ್ಡ ಸಮಾಧಾನ. ರೂಮಿನ ಹೆಸರು ಮಾತ್ರ ಹೇಳುವುದಿಲ್ಲ. ಮೂರು ಮಂಚದ ರೂಮು ಅವರಲ್ಲಿ ಇರುವುದೇ ಎರಡೋ ಮೂರೋ. ಟಿಕೆಟ್ ಯಾವ ವಾರ ತೆಗೆದೆ ಎಂಬುದೂ ನನ್ನಲ್ಲೇ ಇರಲಿ.

ಟರ್ಮಿನಲ್ 2ರಲ್ಲಿ ಇಳಿದರೆ ಮೆಟ್ರೋ ಇಲ್ಲ, ಅದು 1 ಮತ್ತು 3ಕ್ಕೆ ಮಾತ್ರ. ಏರ್‌ಪೋರ್ಟ್ ಟ್ಯಾಕ್ಸಿಯ ಮೀಟರ್ ಶುರುವಾಗುವುದೇ 25 ದಿರ್ಹಮ್‌ನಿಂದ. ವಯಸ್ಸಾದವರಿದ್ದರೆ ಆ ಒಂದು ಸಲ ಕೊಟ್ಟುಬಿಡಿ.

ಮೆಟ್ರೋ ಹತ್ತಲು ನೋಲ್ ಎಂಬ ಪ್ರಯಾಣದ ಕಾರ್ಡ್ ಒಬ್ಬೊಬ್ಬರಿಗೆ ಒಂದೊಂದು ಬೇಕು. ಸಾಮಾನ್ಯ ಬೋಗಿಯ ಸಿಲ್ವರ್ ಕಾರ್ಡ್ 25 ದಿರ್ಹಮ್, ಅದರಲ್ಲಿ 19 ಪ್ರಯಾಣಕ್ಕೆ ಸಿಗುತ್ತದೆ. ಮೊದಲ ಎರಡು ದಿನ 20 ದಿರ್ಹಮ್‌ನ ಡೇ ಪಾಸ್ ಹಾಕಿಸಿದೆ, ತಪ್ಪಾಯಿತು. ಪಾಸ್ ಇಲ್ಲದೆ ಒಂದು ಸಲಕ್ಕೆ ಒಂದೇ ಝೋನ್‌ (ವಲಯ) ಒಳಗೆ 3 ದಿರ್ಹಮ್, ಪಕ್ಕದ ಝೋನ್‌ಗೆ 5, ಅದರಾಚೆ 7.5. ಅಪ್ಪ-ಅಮ್ಮ ಹೋಗುವುದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಪಾಸ್ ದಂಡ.

ಎರಡನೇ ದಿನ ಅಮ್ಮನ ಕೈಚೀಲ ಹಿಡಿದು ಅಪ್ಪನೂ ಹೆಂಗಸರ ಬೋಗಿಗೆ ಹತ್ತಿಬಿಟ್ಟರು. ನೆಲದ ಮೇಲೆ ಗುಲಾಬಿ ಗೆರೆ ಉಂಟು, ಅವರು ನೋಡಲಿಲ್ಲ. 100 ದಿರ್ಹಮ್ ದಂಡ ಬೀಳಬಹುದಿತ್ತು. ಒಬ್ಬ ಹುಡುಗಿ ಮೆಲ್ಲಗೆ ಗೆರೆ ತೋರಿಸಿದಳು. ಅಪ್ಪ ಚೀಲವನ್ನು ಅಮ್ಮನ ಮಡಿಲಿಗಿಟ್ಟು ಈಚೆ ಬಂದು ನನ್ನ ಪಕ್ಕ ನಿಂತರು. ಆಮೇಲೆ ಪ್ರತಿ ಸ್ಟೇಷನ್‌ನಲ್ಲೂ ಮೊದಲು ನೆಲ ನೋಡುತ್ತಿದ್ದರು.

ದುಬೈ ಮಾಲ್ ಸ್ಟೇಷನ್‌ನಿಂದ ಮಾಲ್‌ವರೆಗೆ ಮುಕ್ಕಾಲು ಕಿಲೋಮೀಟರಿಗಿಂತ ಜಾಸ್ತಿ ದೂರ. ನೆಲವೇ ಚಲಿಸುವ ಪಟ್ಟಿಗಳಿವೆ, ನಿಂತೇ ಹೋಗಬಹುದು. 828 ಮೀಟರಿನ ಬುರ್ಜ್ ಖಲೀಫಾವನ್ನು ಕೆಳಗಿನಿಂದಲೇ ನೋಡಿದೆವು. ಮೇಲೆ ಹೋಗುವ ಮೂರು ಟಿಕೆಟ್ ದುಡ್ಡು ಉಳಿಯಿತು. ಅವರಿಬ್ಬರಿಗೂ ಹೆಚ್ಚು ಹಿಡಿಸಿದ್ದು ಊರಿನ ನಡುವೆ ಹರಿದು ಬರುವ ಕಡಲ ಹಿನ್ನೀರು ಕ್ರೀಕ್ ದಾಟಿಸುವ ಅಬ್ರಾ ದೋಣಿ, ತಲೆಗೆ ಒಂದೇ ದಿರ್ಹಮ್. ಅಪ್ಪನಿಗೆ ಮಂಗಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟಿದ್ದು ನೆನಪಾಯಿತು. ಅಬ್ರಾದಲ್ಲೇ ನಾಲ್ಕು ಸಲ ಅತ್ತಿಂದಿತ್ತ ಹೋದೆವು.

ಕುಚಲಕ್ಕಿ ಗಂಜಿಯ ಪ್ರಯೋಗವೂ ಮಾಡಿದೆ. ಪುಟ್ಟ ಟ್ರಾವೆಲ್ ಕುಕ್ಕರ್ ಒಯ್ದಿದ್ದೆ. ನಮ್ಮ ಪಿನ್ ಅಲ್ಲಿ ಕೂರುವುದಿಲ್ಲ, ಚೌಕ ಮೂರು ಪಿನ್ನಿನ ಅಡಾಪ್ಟರ್ ಬೇಕು. ಅಕ್ಕಿ ಬೇಯಲು ಒಂದೂವರೆ ಗಂಟೆ, ಅಷ್ಟರಲ್ಲಿ ತಿಳಿ ಉಕ್ಕಿ ಮೇಜೆಲ್ಲ ಹರಿಯಿತು. ಮರುದಿನದಿಂದ ಅವಲಕ್ಕಿ, ಮೊಸರು, ಮಿಡಿ ಉಪ್ಪಿನಕಾಯಿ. ಬೆಳಗಿನ ತಿಂಡಿಯ ಖರ್ಚು ಹತ್ತಿರ ಹತ್ತಿರ ಸೊನ್ನೆ.

ಒಂದು ಮಾತು, ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಪಾಯಸಕ್ಕೆಂದು ಅಮ್ಮ ಗಸಗಸೆ ಪೊಟ್ಟಣ ಬ್ಯಾಗಿಗೆ ಹಾಕಿದ್ದರು. ಬಜ್ಪೆ ಏರ್‌ಪೋರ್ಟಿಗೆ ಹೊರಡುವ ಹಿಂದಿನ ರಾತ್ರಿ ನನ್ನ ಕಣ್ಣಿಗೆ ಬಿತ್ತು. ಯುಎಇಯಲ್ಲಿ ಗಸಗಸೆಗೆ ನಿಷೇಧ ಇದೆ, ಜೈಲಿನವರೆಗೂ ಹೋಗಬಹುದು. ಹಿರಿಯರ ಬ್ಯಾಗನ್ನು ನೀವೇ ಬಿಚ್ಚಿ ನೋಡಿ. ನೋವಿನ ಮಾತ್ರೆಗಳಲ್ಲೂ ಕೆಲವಕ್ಕೆ ಅಲ್ಲಿ ನಿರ್ಬಂಧ ಉಂಟು, ಡಾಕ್ಟರ ಚೀಟಿ ಜೊತೆಗಿರಲಿ.

ಚಿಕ್ಕಪ್ಪ ಮೊನ್ನೆ ಫೋನ್ ಮಾಡಿ ತಮ್ಮಿಬ್ಬರಿಗೂ ಹೀಗೇ ಮಾಡಿಕೊಡು ಎಂದರು. ನೋಲ್ ಕಾರ್ಡ್ ಐದು ವರ್ಷ ನಡೆಯುತ್ತದೆ. ನಮ್ಮ ಮೂರೂ ಡ್ರಾಯರ್‌ನಲ್ಲೇ ಇವೆ.