ಸ್ಮಾರ್ಟ್ ಮೀಟರ್ ಜಾಸ್ತಿ ಓಡ್ತಿದೆಯಾ? ಕೆಂಪು ದೀಪ ಎಣಿಸಿ ನೋಡಿ

ನಾನು ಮನೆ ವೈರಿಂಗ್ ಮಾಡುವವನು. ಸ್ಮಾರ್ಟ್ ಮೀಟರ್ ಬಂದ ಮೇಲೆ ನನಗೆ ಬರುವ ಫೋನುಗಳಲ್ಲಿ ಒಂದೇ ಮಾತು: "ಅಣ್ಣಾ, ಹೊಸ ಮೀಟರ್ ಜಾಸ್ತಿ ಓಡ್ತಿದೆ." ಇರಬಹುದು. ಆದರೆ ಜಗಳಕ್ಕೆ ಹೊರಡುವ ಮೊದಲು ಒಂದು ಬಕೆಟ್ ನೀರು ಹಿಡಿದಿಡಿ.

ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿಟುಕುತ್ತಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಟುಕಬೇಕು ಅನ್ನುವುದು ಅಲ್ಲೇ ಅಚ್ಚಾಗಿರುತ್ತದೆ. ಕೆಲವದರಲ್ಲಿ 3200, ಕೆಲವದರಲ್ಲಿ 1600.

ಈಗ ಮನೆಯ ಎಲ್ಲ ಎಂಸಿಬಿ (ಡಿಬಿ ಪೆಟ್ಟಿಗೆಯಲ್ಲಿ ಒಂದೊಂದು ಲೈನಿಗೂ ಇರುವ, ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇಳಿಸಿ, ಒಂದು ಪವರ್ ಪಾಯಿಂಟಿನದು ಮಾತ್ರ ಬಿಡಿ. 1000 ವ್ಯಾಟಿನ ನೀರು ಕಾಯಿಸುವ ಕಾಯಿಲನ್ನು ಬಕೆಟ್ಟಿಗೆ ಇಳಿಸಿ, ಆಮೇಲೆ ಸ್ವಿಚ್ ಹಾಕಿ. ನೀರು ಬಿಸಿಯಾಯಿತಾ ಅಂತ ಬೆರಳು ಅದ್ದಬೇಡಿ! ಇಸ್ತ್ರಿಪೆಟ್ಟಿಗೆ ಬೇಡ, ಅದು ನಡುವೆ ತಾನೇ ಆಫ್ ಆಗಿ ಲೆಕ್ಕ ತಪ್ಪಿಸುತ್ತದೆ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟು ದೀಪ ಎಣಿಸಿ. 3200ರ ಮೀಟರಾದರೆ 53ರ ಆಸುಪಾಸು ಬರಬೇಕು.

44 ಬಂದರೆ ಮೀಟರ್ ನಿಧಾನ ಅಂತ ಖುಷಿಪಡಬೇಡಿ. ಕಾಯಿಲ್ 1000 ವ್ಯಾಟ್ ಎಳೆಯುವುದು 230 ವೋಲ್ಟ್ ಇದ್ದಾಗ. 210ಕ್ಕೆ ಇಳಿದರೆ ಸುಮಾರು 830 ವ್ಯಾಟ್ ಅಷ್ಟೇ. ವೋಲ್ಟೇಜ್ ಎಷ್ಟಿದೆ ಅಂತ ಮೀಟರಿನ ಪರದೆಯೇ ಸರದಿಯಲ್ಲಿ ತೋರಿಸುತ್ತದೆ, ನೋಡಿಕೊಳ್ಳಿ. 65, 70 ಬಂದರೆ ಮಾತ್ರ ಏನೋ ಎಡವಟ್ಟಾಗಿದೆ.

ಇನ್ನೊಂದು ಪರೀಕ್ಷೆ. ಎಂಸಿಬಿಗಳೆಲ್ಲ ಮೇಲಿರಲಿ, ಸ್ವಿಚ್ಚುಗಳನ್ನೆಲ್ಲ ಆರಿಸಿ, ಫ್ರಿಜ್ಜಿನ ಪ್ಲಗ್ಗನ್ನೂ ಕೀಳಿ. ಹೋದ ಮಳೆಗಾಲ ಒಬ್ಬ ನಿವೃತ್ತ ಮೇಷ್ಟ್ರ ಮನೆಯಲ್ಲಿ ಹೀಗೆ ಮಾಡಿದರೂ ಹನ್ನೊಂದು ಸೆಕೆಂಡಿಗೊಮ್ಮೆ ದೀಪ ಮಿಟುಕುತ್ತಿತ್ತು. ಅದು 3200ರ ಮೀಟರ್, ಅಂದರೆ ಸುಮಾರು 100 ವ್ಯಾಟ್, ತಿಂಗಳಿಗೆ ಸುಮಾರು 72 ಯೂನಿಟ್ ಸುಮ್ನೆ ಹೋಗುತ್ತಿತ್ತು. ಒಂದೊಂದೇ ಎಂಸಿಬಿ ಇಳಿಸುತ್ತಾ ಬಂದೆ. ಸಂಪ್ ಮೋಟರಿನದು ಇಳಿಸಿದ ತಕ್ಷಣ ದೀಪ ನಿಂತಿತು. ಅಂಗಳದ ನೆಲದಡಿಯ ವೈರನ್ನು ಇಲಿ ಕಡಿದು, ಕರೆಂಟು ಒದ್ದೆ ಮಣ್ಣಿಗೆ ಇಳಿಯುತ್ತಿತ್ತು. ಅಂಗಳದಲ್ಲಿ ಮೊಮ್ಮಕ್ಕಳು ಆಡುತ್ತಿದ್ದರು. ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಇದ್ದಿದ್ದರೆ ಅವತ್ತೇ ಟ್ರಿಪ್ ಆಗುತ್ತಿತ್ತು. ಪಾಪ, ಮೇಷ್ಟ್ರು ಎರಡು ತಿಂಗಳು ಮೀಟರನ್ನೇ ಬೈದಿದ್ದರು.

ಎರಡೂ ನೋಡಿ ಆದ ಮೇಲೂ ಅನುಮಾನ ಇದ್ದರೆ ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಡಿ. 2024ರಲ್ಲಿ ತಿದ್ದಿದ ಗ್ರಾಹಕ ಹಕ್ಕುಗಳ ಕೇಂದ್ರ ನಿಯಮದ ಪ್ರಕಾರ ವಿದ್ಯುತ್ ಕಂಪನಿಯವರು 5 ದಿನದೊಳಗೆ ಇನ್ನೊಂದು ಮೀಟರ್ ಹಾಕಿ, ಕನಿಷ್ಠ 3 ತಿಂಗಳು ತಾಳೆ ನೋಡಬೇಕು. ಸ್ಮಾರ್ಟ್ ಮೀಟರಿನ ರೀಡಿಂಗ್ ದಿನಕ್ಕೊಮ್ಮೆಯಾದರೂ ದೂರದಿಂದಲೇ ತೆಗೆಯಬೇಕು ಅನ್ನುವ ನಿಯಮವೂ 2023ರಿಂದ ಇದೆ. ಹಾಗಾಗಿ ದಿನದ ಲೆಕ್ಕವನ್ನೇ ಕೇಳಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಆಫೀಸಿಗೆ ಹೋದರೆ ಮೊದಲು ಕೇಳುವುದು ಅದನ್ನೇ.