ಕಾಯಿಲೆಗಿಂತ ಮೊದಲು ಕಂಡದ್ದು ಮಾತ್ರೆ

ಮೊದಲ ಬ್ಯಾಚಿನ ಗ್ರಾಫ್ ನೋಡಿದಾಗ ನಾನು ಕುಣಿಯುವುದೊಂದೇ ಬಾಕಿ. ರೋಗಿಗಳ ಚುಕ್ಕಿಗಳೆಲ್ಲ ಒಂದು ಕಡೆ, ಆರೋಗ್ಯವಂತರದ್ದು ಇನ್ನೊಂದು ಕಡೆ. ನಡುವೆ ಎತ್ತಿನಗಾಡಿ ಹೋಗುವಷ್ಟು ಜಾಗ. ಪಿತ್ತನಾಳ ವರ್ಷಗಟ್ಟಲೆ ಉರಿಯೂತದಿಂದ ಗಡುಸಾಗಿ ಕಿರಿದಾಗುತ್ತ ಹೋಗುವ ಪಿಎಸ್‌ಸಿ ಕಾಯಿಲೆಯನ್ನು ಒಂದು ಹನಿ ರಕ್ತದಲ್ಲೇ ಹಿಡಿದೆ ಅಂದುಕೊಂಡೆ.

ಹಾಗೆ ಹಿಡಿಯಬೇಕು ಅನ್ನುವ ಆಸೆಗೆ ಕಾರಣವಿದೆ. ಲಿವರ್ ಒಳಗಿನ ಸಣ್ಣ ಪಿತ್ತನಾಳಗಳನ್ನು ಕೆಡಿಸುವ ಇದರ ದಾಯಾದಿ ಕಾಯಿಲೆ ಪಿಬಿಸಿಗೆ ಎಎಂಎ ಎಂಬ ಪ್ರತಿಕಾಯವಿದೆ, 100ರಲ್ಲಿ ಸುಮಾರು 90 ಜನರಲ್ಲಿ ಸಿಗುತ್ತದೆ. ಪಿಎಸ್‌ಸಿಗೆ ಅಂಥದ್ದಿಲ್ಲ. ರಕ್ತದಲ್ಲಿ ಎಎಲ್‌ಪಿ ಎಂಬ ಕಿಣ್ವ ಏರುತ್ತದೆ ನಿಜ. ಆದರೆ ನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಏರುತ್ತದೆ, ಮೂಳೆಯ ತೊಂದರೆಗೂ ಏರುತ್ತದೆ. ಕೊನೆಗೆ ಪಿತ್ತನಾಳಗಳ ಚಿತ್ರ ತೆಗೆಯುವ ಎಂಆರ್‌ಸಿಪಿ ಸ್ಕ್ಯಾನೇ ಗತಿ. ಪಿತ್ತದ ದಾರಿ ಕಟ್ಟಿದಾಗ, ಕೊಬ್ಬು ಜೀರ್ಣಿಸಲು ಪಿತ್ತದಲ್ಲಿರುವ ಪಿತ್ತಾಮ್ಲಗಳು ರಕ್ತಕ್ಕೆ ಉಕ್ಕುತ್ತವಲ್ಲ, ಅವನ್ನು ಒಂದೊಂದಾಗಿ ಅಳೆದರೆ ಹೇಗೆ ಎಂದು ಹೊರಟೆ.

ಕೈಕೆಲಸ ಸರಳ. ಸ್ವಲ್ಪ ಸೀರಮ್‌ಗೆ ತಣ್ಣನೆಯ ಮೆಥನಾಲ್ ಹಾಕಿದರೆ ಪ್ರೋಟೀನ್ ಒಡೆದ ಹಾಲಿನಂತೆ ಗಟ್ಟಿಯಾಗುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು, ಅಣುಗಳನ್ನು ತೂಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕೊಡುವುದು. ಕಾಟ ಕೊಟ್ಟದ್ದು ತ್ರಿವಳಿಗಳು. ಗ್ಲೈಸಿನ್ ಎಂಬ ಅಮೈನೋ ಆಮ್ಲ ಅಂಟಿದ ಡಿಆಕ್ಸಿಕೋಲಿಕ್, ಕೀನೋಡಿಆಕ್ಸಿಕೋಲಿಕ್, ಅರ್ಸೋಡಿಆಕ್ಸಿಕೋಲಿಕ್ ಎಂಬ ಪಿತ್ತಾಮ್ಲ ಮೂರರದ್ದೂ ಒಂದೇ ತೂಕ, 449. ಮೂರೂ ಮುರಿದು ಅದೇ ತುಂಡು ಕೊಡುತ್ತವೆ. ಯಂತ್ರಕ್ಕೆ ಅವು ಒಬ್ಬರೇ. ಯಂತ್ರಕ್ಕೆ ಹೋಗುವ ಮುಂಚೆ ಹಾದುಹೋಗುವ ಸಣ್ಣ ಕೊಳವೆ, ಅಂದರೆ ಕಾಲಮ್‌ನಲ್ಲೇ ಬೇರೆಬೇರೆ ಹೊತ್ತಿಗೆ ಹೊರಬರುವಂತೆ ಮಾಡಬೇಕು. ಅದಕ್ಕೇ ಎರಡು ತಿಂಗಳು ಹೋಯಿತು.

ಬೇರ್ಪಟ್ಟ ಮೇಲೆ ನಿಜ ಹೊರಬಿತ್ತು. ಆ ಎತ್ತಿನಗಾಡಿಯ ದಾರಿ ಮಾಡಿದ್ದು ಮುಖ್ಯವಾಗಿ ಅರ್ಸೋಡಿಆಕ್ಸಿಕೋಲಿಕ್ ಆಮ್ಲ. ನಮ್ಮ ಮೈಯಲ್ಲಿ ಅದು ಇರುವುದು ಚೂರುಪಾರು. ಆದರೆ ಈ ರೋಗಿಗಳಿಗೆ ಡಾಕ್ಟರು ಬರೆದುಕೊಡುವ ಮಾತ್ರೆಯೇ ಅದು! ನಾನು ಪತ್ತೆಹಚ್ಚಿದ್ದು ಕಾಯಿಲೆಯನ್ನಲ್ಲ, ಔಷಧಿ ಚೀಟಿಯನ್ನು.

ಇನ್ನೊಂದು ಏಟು ಕೊಟ್ಟದ್ದು ಕಾಫಿ. ಒಬ್ಬ ಆರೋಗ್ಯವಂತರ ಪಿತ್ತಾಮ್ಲ ಏಕೋ ಏರಿತ್ತು. "ಖಾಲಿ ಹೊಟ್ಟೇಲೇ ಬಂದಿದ್ರಾ?" ಅಂತ ವಿಚಾರಿಸಿದೆ. "ಹೌದು ಸಾರ್, ಬರೀ ಒಂದು ಲೋಟ ಕಾಫಿ ಅಷ್ಟೇ." ನಮ್ಮಲ್ಲಿ ಕಾಫಿ ಯಾವಾಗ ತಾನೇ ಹೊಟ್ಟೆಯ ಲೆಕ್ಕಕ್ಕೆ ಬಂದಿದೆ? ಗಟ್ಟಿ ಹಾಲಿನ ಕೊಬ್ಬು ಸಾಕು, ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಪಿತ್ತಾಮ್ಲ ಕರುಳಿಗಿಳಿದು ಅಲ್ಲಿಂದ ರಕ್ತಕ್ಕೂ ಬರುತ್ತದೆ. ಈಗ ಸಿಸ್ಟರ್ ನೇರವಾಗಿ "ಕಾಫಿ ಕುಡಿದ್ರಾ?" ಅಂತಲೇ ಕೇಳುತ್ತಾರೆ.

ಹೋಲಿಕೆಯೂ ತಪ್ಪಾಗಿತ್ತು. ಆರೋಗ್ಯವಂತರೆಂದು ನಾನು ಸೇರಿಸಿದ್ದ ಹಾಸ್ಟೆಲ್ ಹುಡುಗರ ಎದುರು ಲಿವರ್ ರೋಗಿಯನ್ನು ಗುರುತಿಸುವುದು ಯಾವ ಡಾಕ್ಟರಿಗೂ ಬೇಕಿಲ್ಲ. ಕಲ್ಲಿನಿಂದ ನಾಳ ಕಟ್ಟಿದವರನ್ನೂ ಪಿಬಿಸಿಯವರನ್ನೂ ಸೇರಿಸಿದೆ, ಮಾತ್ರೆಯ ಆಮ್ಲವನ್ನು ಲೆಕ್ಕದಿಂದ ತೆಗೆದೆ. ಚುಕ್ಕಿಗಳು ಅವಲಕ್ಕಿ-ಕಡಲೆಯ ಹಾಗೆ ಬೆರೆತುಹೋದವು. ಪಿತ್ತ ಕಟ್ಟಿದೆ ಅನ್ನುವುದು ಗೊತ್ತಾಗುತ್ತದೆ, ಏಕೆ ಕಟ್ಟಿದೆ ಅನ್ನುವುದು ಗೊತ್ತಾಗುವುದಿಲ್ಲ.

ಈಗ ಮಾತ್ರೆ ಶುರುವಾಗುವ ಮುನ್ನವೇ, ಮೊದಲ ಭೇಟಿಯಲ್ಲೇ ರಕ್ತ ತೆಗೆಸುತ್ತೇನೆ. ಅಪರೂಪದ ಕಾಯಿಲೆ; ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿಟ್ಟ 81 ಗುಳಿಗಳ ಡಬ್ಬಿ ಇನ್ನೂ ಅರ್ಧ ತುಂಬಿಲ್ಲ.