ಯುದ್ಧದ ವಿಡಿಯೊ ಮುಂದೆ ಕಳಿಸುವ ಮುಂಚೆ

2022ರ ಮಾರ್ಚ್ 1ರಂದು ನಮ್ಮ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಉಕ್ರೇನಿನ ಹಾರ್ಕಿವ್‌ನಲ್ಲಿ ತೀರಿಕೊಂಡ. ಮೆಡಿಕಲ್ ಓದುತ್ತಿದ್ದ. ದಿನಸಿ ತರಲು ಹೊರಗೆ ಹೋದವನು ಶೆಲ್ ದಾಳಿಗೆ ಸಿಕ್ಕಿದ. ಅಲ್ಲಿಯವರೆಗೆ ರಷ್ಯಾ-ಉಕ್ರೇನ್ ಯುದ್ಧ ನನಗೆ ಟಿವಿ ಸುದ್ದಿ ಅಷ್ಟೇ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಅವತ್ತಿನಿಂದ ಮಕ್ಕಳು ಮನೆಯಲ್ಲಿ ನೋಡಿದ ವಿಡಿಯೊ ನೆನಪಿಟ್ಟುಕೊಂಡು ಬಂದು, "ಟೀಚರ್, ಅದು ಖರೇನ್ರಿ?" ಅಂತ ಕೇಳೋದು ಜಾಸ್ತಿಯಾಯಿತು. ಅವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವಿಡಿಯೊ ಬಂದರೆ ಒಂದು ದಿನ ಸುಮ್ನೆ ಇಟ್ಟುಕೊಳ್ಳಿ. ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಹಳೆಯದಾಗಿದ್ದರೆ ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ. ಆರ್ಮಾ 3 ಅನ್ನುವ ವಿಡಿಯೊ ಗೇಮ್‌ನ ದೃಶ್ಯಗಳು 2022ರಲ್ಲಿ ಉಕ್ರೇನ್ ಅಂತ, 2023ರಲ್ಲಿ ಗಾಜಾ ಅಂತ ಓಡಾಡಿದವು. ಅದನ್ನು ಮಾಡಿದ ಕಂಪನಿಯೇ ಗುರುತು ಹೇಳಿದೆ: ಮಸುಕಾದ ಚಿತ್ರ, ರಾತ್ರಿ ಹೊತ್ತು, ಅಲ್ಲಾಡುವ ಕ್ಯಾಮೆರಾ, ಸದ್ದಿಲ್ಲ, ಓಡಾಡುವ ಜನರಿಲ್ಲ.

ಹಾಗಂತ ಎಲ್ಲವನ್ನೂ ಸುಳ್ಳು ಅಂದುಬಿಡಬೇಡಿ. ಅನ್ಯಾಯ ಮಾಡಿದವರಿಗೆ ಬೇಕಾಗಿರೋದೂ ಅದೇ. ಉಕ್ರೇನಿನ ಬುಚಾ ಊರಿನ ಯಾಬ್ಲುನ್ಸ್ಕಾ ರಸ್ತೆಯಲ್ಲಿ ಹೆಣಗಳು ಬಿದ್ದಿದ್ದ ಚಿತ್ರ ಬಂದಾಗ ರಷ್ಯಾ ಏನು ಹೇಳಿತು? ನಮ್ಮ ಸೇನೆ ಹೋದ ಮೇಲೆ ಮಾಡಿದ ನಾಟಕ ಅಂತ. ಆದರೆ 2022ರ ಮಾರ್ಚ್ ಮಧ್ಯದ ಉಪಗ್ರಹ ಚಿತ್ರಗಳಲ್ಲೇ ಆ ರಸ್ತೆಯಲ್ಲಿ ಹೆಣಗಳು ಕಾಣುತ್ತಿದ್ದವು. ಆಗ ಊರು ರಷ್ಯಾದ ಕೈಯಲ್ಲೇ ಇತ್ತು. ಯಾವ ದಿನ, ಯಾವ ಜಾಗ, ಆಗ ಅಲ್ಲಿ ಯಾರಿದ್ದರು? ಈ ಮೂರನ್ನು ಕೇಳಿ.

ಸೆರೆಸಿಕ್ಕ ಸೈನಿಕನ ವಿಡಿಯೊ ನಿಜವಾದರೂ ಹಂಚಬೇಡಿ. ಯುದ್ಧ ಕೈದಿಯನ್ನು ಅವಮಾನದಿಂದ, ಜನರ ಕುತೂಹಲದಿಂದ ಕಾಪಾಡಬೇಕು ಅಂತ 1949ರ ಮೂರನೇ ಜಿನೀವಾ ಒಪ್ಪಂದದ 13ನೇ ವಿಧಿ ಹೇಳುತ್ತದೆ. 2019ರ ಫೆಬ್ರವರಿಯಲ್ಲಿ ಪಾಕಿಸ್ತಾನಕ್ಕೆ ಸೆರೆಸಿಕ್ಕ ನಮ್ಮ ಪೈಲಟ್ ಅಭಿನಂದನ್ ಅವರ ಕಣ್ಣಿಗೆ ಬಟ್ಟೆ ಕಟ್ಟಿದ ವಿಡಿಯೊ ನೋಡಿ ನಮ್ಮ ಹೊಟ್ಟೆ ಉರಿಯಿತಲ್ವಾ? ರಷ್ಯಾದ ಸೈನಿಕನಿಗೂ ಮನೆಯಲ್ಲಿ ತಾಯಿ ಇರುತ್ತಾಳೆ.

ಎಲ್ಲಕ್ಕಿಂತ ಕಷ್ಟದ್ದು ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಆಗದಂತೆ ನೋಡಿಕೊಳ್ಳುವುದು. ಅದಕ್ಕೆ ಹೆಸರು ಮುಚ್ಚಿಟ್ಟು ಓದಿ. ಒಮ್ಮೆ ಬೋರ್ಡ್ ಮೇಲೆ ಎರಡು ಸಾಲು ಬರೆದೆ. "ಹಬ್ಬದ ದಿನ ಊರಿಗೆ ನುಗ್ಗಿ ಮನೆಮಂದಿಯನ್ನು ಒತ್ತೆಯಾಳಾಗಿ ಎಳೆದೊಯ್ದರು." "ಇಡೀ ಪ್ರದೇಶಕ್ಕೆ ಅನ್ನ, ನೀರು, ಕರೆಂಟು ನಿಲ್ಲಿಸಿದರು." ಎರಡೂ ತಪ್ಪು ಅಂತ ಇಡೀ ಕ್ಲಾಸು ಕೈ ಎತ್ತಿತು. ಆಮೇಲೆ ಮೊದಲನೆಯದರ ಪಕ್ಕ ಹಮಾಸ್ (ಗಾಜಾದ ಸಶಸ್ತ್ರ ಸಂಘಟನೆ), ಎರಡನೆಯದರ ಪಕ್ಕ ಇಸ್ರೇಲ್ ಅಂತ ಬರೆದೆ. ಕೆಲವು ಕೈ ಮೆಲ್ಲಗೆ ಇಳಿದವು. "ಅವರೇ ಮೊದಲ ಶುರು ಮಾಡಿದ್ರಲ್ರಿ" ಅಂದ ಹಿಂದಿನ ಬೆಂಚಿನ ಹುಡುಗ.

ಒಳ್ಳೆಯ ಮಾತೇ ಎತ್ತಿದ. ಯುದ್ಧ ಯಾರು ಶುರು ಮಾಡಿದರು ಅನ್ನೋದು ಒಂದು ಪ್ರಶ್ನೆ. ಯುದ್ಧದಲ್ಲಿ ಹೇಗೆ ನಡೆದುಕೊಂಡರು ಅನ್ನೋದು ಬೇರೆ ಪ್ರಶ್ನೆ. ಜಿನೀವಾ ನಿಯಮ ಎರಡೂ ಕಡೆಯವರಿಗೆ ಒಂದೇ. 2024ರ ನವೆಂಬರ್ 21ರಂದು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ಇಸ್ರೇಲಿನ ನಾಯಕರಾದ ನೆತನ್ಯಾಹು, ಗ್ಯಾಲಂಟ್ ಮೇಲೂ, ಹಮಾಸ್‌ನ ಸೇನಾ ಮುಖ್ಯಸ್ಥ ದೈಫ್ ಮೇಲೂ ಒಂದೇ ದಿನ ವಾರಂಟ್ ಹೊರಡಿಸಿತು. ವಾರಂಟ್ ಅಂದರೆ ತೀರ್ಪಲ್ಲ, ಇದನ್ನೂ ಮಕ್ಕಳಿಗೆ ಹೇಳುತ್ತೇನೆ.

"ಅಲ್ಲಿನ ಜನರೆಲ್ಲ ಯುದ್ಧದ ಪರ" ಅನ್ನುವ ಸಮೀಕ್ಷೆ ಕಂಡರೆ, ಅಲ್ಲಿ ಯುದ್ಧ ಬೇಡ ಅಂದರೆ ಏನಾಗುತ್ತದೆ ಅಂತ ಮೊದಲು ನೋಡಿ. ರಷ್ಯಾದಲ್ಲಿ 2022ರ ಮಾರ್ಚ್‌ನಲ್ಲಿ ತಂದ ಕಾನೂನಿನಲ್ಲಿ, ಸೇನೆಯ ಬಗ್ಗೆ 'ಸುಳ್ಳು ಮಾಹಿತಿ' ಹಬ್ಬಿಸಿದರೆ 15 ವರ್ಷದವರೆಗೆ ಜೈಲು. ಹಾಗಿರುವಾಗ ಫೋನಿನಲ್ಲಿ ಕೇಳಿದವನಿಗೆ ಯಾರು ತಾನೆ ಬಾಯಿಬಿಟ್ಟು ಹೇಳುತ್ತಾರೆ?

ತಪ್ಪು ವಿಡಿಯೊ ಕಳಿಸಿಬಿಟ್ಟಿದ್ದರೆ ಅಳಿಸಿ ಸುಮ್ಮನಾಗಬೇಡಿ. ಅದೇ ಗ್ರೂಪಿನಲ್ಲಿ ಬರೆಯಿರಿ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರ ನಡೆದಾಗ, ನಾನೇ ಮನೆಯ ಗ್ರೂಪಿಗೆ ಒಂದು ಹಳೆಯ ಸ್ಫೋಟದ ವಿಡಿಯೊ ಕಳಿಸಿದ್ದೆ. ಮರುದಿನ ಗೊತ್ತಾಯಿತು. "ನಿನ್ನೆ ಕಳಿಸಿದ್ದು ಹಳೇದು, ಈ ಯುದ್ಧದ್ದಲ್ಲ, ತಪ್ಪಾಯ್ತು" ಅಂತ ಬರೆದೆ. ಐದೇ ನಿಮಿಷಕ್ಕೆ ಅತ್ತಿಗೆ ಫೋನ್ ಮಾಡಿದರು. "ನಾನೂ ಅದನ್ನ ಸಂಘದ ಗ್ರೂಪಿಗೆ ಹಾಕೀನಲ್ಲ, ಅಲ್ಲೂ ಬರೀತೀನಿ ತಗೋ."